ಹೊಳಿಗೆ ಮೊಸಳಿ, ನೀರುನಾಯಿ ಮರಳಿದ ಮ್ಯಾಲೆ: ಘಾಟು, ಬಲೆ, ಹೊಂಡ, ಪಂಪ್‌ಸೆಟ್ಟು ಹೆಂಗ ಬದಲಾಗಬೇಕು?

ಹೊಳಿದಂಡಿ (ಹಾವೇರಿ ಜಿಲ್ಲೆ)

ಎಲ್ಲಾರಿಗೂ ನಮಸ್ಕಾರ್ರಿ. ತುಂಗಭದ್ರಾ ದಂಡಿ ಮ್ಯಾಲಿನ ಊರಾಗ ಮೊಸಳಿ, ನೀರುನಾಯಿ ಕಂಡ್ರ ಏನ್ ಮಾಡಬೇಕು ಅನ್ನೂದನ್ನ ಗ್ರಾಮ ಪಂಚಾಯ್ತಿ ಗೋಡಿಗೆ ಹಚ್ಚುವಂಗ ಬರದಿಡಬೇಕಾಗೇತಿ. ‘ಎಚ್ಚರಿಕೆ, ಮೊಸಳೆಗಳಿವೆ’ ಅನ್ನೂ ಬೋರ್ಡ್ ಹಾಕಿದ್ರ ಬಟ್ಟಿ ಒಗಿಯಾಕ ಹೋದ ಅಕ್ಕಾರಿಗೆ ಏನೂ ತಿಳಿಯೂದಿಲ್ಲ. ಎಷ್ಟು ದೂರ, ಎಷ್ಟು ಹೊತ್ತಿಗೆ, ಯಾವ ಪೈಪು, ಯಾವ ಬಲೆ, ಅದನ್ನ ಹೇಳ್ರಿ. ಫೆಬ್ರವರಿಯಿಂದ ಹೊಳಿ ಸಣ್ಣಾಗಿ ಮಡುವಿನಾಗ ಮಾತ್ರ ನೀರು ಉಳೀತದ. ಮಂದಿ, ದನ, ಮೀನು, ಮೊಸಳಿ ಎಲ್ಲಾ ಅದ ಮಡುವಿಗೆ ಬರ್ತಾವ. ಅದರೊಳಗ ತಯಾರಿ ಆಗಬೇಕು.

ಕಡಲ ಕಡೆ ಬಲ್ಲವ್ರೂ ಬರೀರಿ. ಸೀಲ್ (ಮೀನು ತಿನ್ನೂ ಕಡಲ ಸಸ್ತನಿ), ಶಾರ್ಕ್, ಉಪ್ಪುನೀರಿನ ಮೊಸಳಿ ತಿರುಗಿ ಹೆಚ್ಚಾದ ಕಡೆ ಅಲ್ಲಿಯವ್ರು ಏನ್ ಮಾಡಿ ನೋಡ್ಯಾರ, ಯಾವುದು ಕೈ ಕೊಟ್ಟೇತಿ ಅನ್ನೂದೂ ಬೇಕು.

ಪ್ರಾಣಿಶಾಸ್ತ್ರ_ಧಾರವಾಡ

ಮೊದಲು ಪ್ರಾಣಿಗಳ ದಿನಚರಿ ತಿಳಿದರೆ ಉಳಿದದ್ದೆಲ್ಲ ಸುಲಭ.

ನಮ್ಮ ನದಿಗಳಲ್ಲಿರುವುದು ಸಿಹಿನೀರಿನ ಮಗ್ಗರ್ ಮೊಸಳೆ. ಬೆಳೆದದ್ದು ಸಾಮಾನ್ಯವಾಗಿ 3 ಮೀಟರ್ ಆಸುಪಾಸು, ದೊಡ್ಡ ಗಂಡು 4 ಮೀಟರ್ ದಾಟಬಹುದು. ಚಳಿಗಾಲದಲ್ಲಿ ಬೆಳಿಗ್ಗೆ ಬಿಸಿಲಿಗೆ ಬಂಡೆ ಅಥವಾ ಮರಳಿನ ಮೇಲೆ ಬಂದು ಮಲಗುತ್ತದೆ. ಹಾಗೆ ಮಲಗಿದ್ದು ಬೇಟೆಗೆ ಅಲ್ಲ, ಮೈ ಕಾಯಿಸಿಕೊಳ್ಳಲು. ಅಪಾಯ ಇರುವುದು ಕಾಣದ ಮೊಸಳೆಯಿಂದ: ದಂಡೆಯ ಪಕ್ಕ, ಮೊಣಕಾಲಿನಿಂದ ಸೊಂಟದವರೆಗಿನ ನೀರಿನಲ್ಲಿ, ಕಣ್ಣು ಮತ್ತು ಮೂಗಿನ ತುದಿ ಮಾತ್ರ ಮೇಲಿಟ್ಟು ಕಾಯುವುದರಿಂದ. ಒಂದೇ ಜಾಗಕ್ಕೆ ಒಂದೇ ಹೊತ್ತಿಗೆ ದಿನಾ ಬರುವ ದನ, ನಾಯಿ, ಮನುಷ್ಯರನ್ನು ಅದು ಗುರುತಿಟ್ಟುಕೊಳ್ಳುತ್ತದೆ.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಹೆಣ್ಣು ದಂಡೆಯ ಮರಳು ಅಥವಾ ಮೆತ್ತನೆ ಮಣ್ಣಿನಲ್ಲಿ ಗುಂಡಿ ತೋಡಿ 25–30 ಮೊಟ್ಟೆ ಇಡುತ್ತದೆ. ಎರಡು ತಿಂಗಳ ಆಸುಪಾಸಿಗೆ, ಮುಂಗಾರಿನ ಹೊಸ್ತಿಲಲ್ಲಿ, ಮರಿ ಹೊರಬರುತ್ತವೆ. ತಾಯಿ ಗೂಡಿನ ಹತ್ತಿರವೇ ಇರುವುದರಿಂದ ಈ ಅವಧಿಯಲ್ಲಿ ದಂಡೆಯ ಮೇಲೂ ಓಡಿಸಿಕೊಂಡು ಬರಬಹುದು. ಮಡು ಬತ್ತಿದರೆ ದಂಡೆಯಲ್ಲಿ ಬಿಲ ತೋಡಿ ಒಳಗೆ ಸೇರುತ್ತವೆ, ಇಲ್ಲವೇ ರಾತ್ರಿ ಹೊಲದ ಮೇಲಿಂದ ನಡೆದು ಇನ್ನೊಂದು ಕೆರೆಗೆ ಹೋಗುತ್ತವೆ. ಹೊಲದಲ್ಲಿ ಮೊಸಳೆ ಸಿಕ್ಕಿತು ಎಂದರೆ ಸಂಖ್ಯೆ ಮಿತಿಮೀರಿದೆ ಎಂದೇನೂ ಅಲ್ಲ. ನೀರು ಹುಡುಕಿಕೊಂಡು ಹೊರಟ ಪ್ರಾಣಿ ಅದು.

ನೀರುನಾಯಿ ಬೇರೆಯೇ ಲೆಕ್ಕ. ತೂಕ 7 ರಿಂದ 11 ಕಿಲೋ, ಕುಟುಂಬವಾಗಿ ತಿರುಗುತ್ತವೆ. ಒಂದು ದೊಡ್ಡ ಪ್ರಾಣಿಗೆ ದಿನಕ್ಕೆ ಸುಮಾರು 1 ಕಿಲೋ ಮೀನು ಬೇಕು. ಬೆಳಗಿನ ಜಾವ ಮತ್ತು ಸಂಜೆ ಚುರುಕು. ಕೆಣಕದಿದ್ದರೆ ಮನುಷ್ಯರ ಮೇಲೆ ಬರುವುದಿಲ್ಲ, ಮರಿ ಇದ್ದಾಗ ಮಾತ್ರ ಹತ್ತಿರ ಹೋಗಬಾರದು. ತುಂಗಭದ್ರಾ ಆಣೆಕಟ್ಟಿನ ಕೆಳಗೆ ಮುದ್ಲಾಪುರದಿಂದ ಕಂಪ್ಲಿವರೆಗಿನ 34 ಕಿ.ಮೀ. ನದಿಯನ್ನು 2015 ರಲ್ಲಿ ನೀರುನಾಯಿ ಸಂರಕ್ಷಣಾ ಮೀಸಲು ಪ್ರದೇಶ ಎಂದು ಘೋಷಿಸಿದ್ದಾರೆ. ದೇಶದಲ್ಲಿ ಅಂಥದ್ದು ಅದೇ ಮೊದಲು. ನಮ್ಮ ಜಿಲ್ಲೆಗಳು ಅದೇ ಹೊಳೆಯ ಮೇಲ್ಭಾಗದಲ್ಲಿವೆ.

ಬಲೆಗಾರ

ಬಲೆ ಹರಿದ್ರ ಮೊದಲ ಯಾರು ಹರದ್ರು ಅಂತ ನೋಡ್ರಿ. ಎಲ್ಲಾ ತಪ್ಪೂ ನೀರುನಾಯಿ ತಲಿಗೆ ಕಟ್ಟೂದು ರೂಢಿ ಆಗೇತಿ.

ಮೀನಿನ ಅರ್ಧ ಮೈ ತಿಂದು ತಲಿ ಬಲೆಯೊಳಗ ಬಿಟ್ಟಿದ್ರ, ಇಲ್ಲಾ ತಲಿ ಕಡೆಯಿಂದ ತಿಂದು ಬಾಲ ಬಿಟ್ಟಿದ್ರ, ನೀರುನಾಯಿ. ಹತ್ತಿರದ ಬಂಡಿ ಮ್ಯಾಲೆ ಹಿಕ್ಕೆ ಇರ್ತದ, ಮೀನಿನ ಹುರುಪೆ, ಮುಳ್ಳು ತುಂಬಿರ್ತದ, ವಾಸನಿ ಹೊಡೀತದ. ಒಂದ ಜಾಗದಾಗ ಮತ್ತ ಮತ್ತ ಹಾಕ್ತಾವ. ಮೀನಿನ ಹೊಟ್ಟಿ ಕಡೆ, ರೆಕ್ಕಿ ಕಡೆ ಸಣ್ಣ ಸಣ್ಣ ಕಚ್ಚು ಇದ್ರ ಆಮಿ. ಮೀನಿನ ಪಕ್ಕಿ ಮ್ಯಾಲೆ ಉದ್ದಕ ಗೀರು ಇದ್ರ ನೀರುಕಾಗಿ. ಬಲೆ ಒಂದು ಮೊಳಕ್ಕಿಂತ ದೊಡ್ಡ ತೂತಾಗಿ, ಹಗ್ಗ ಸಮೇತ ಎಳದಾಡಿದಂಗ ಇದ್ರ ಮೊಸಳಿ. ದಂಡಿ ಮ್ಯಾಲೆ ಹೊಟ್ಟಿ ಜಾರಿದ ಗುರ್ತು, ನಡುವ ಬಾಲದ ಗೆರಿ ಹುಡುಕ್ರಿ. ಬಲೆ ಹರಿದಿಲ್ಲ, ಮೀನೂ ಇಲ್ಲ ಅಂದ್ರ ಅದು ಮನುಷ್ಯಾರ ಕೆಲಸ.

ಈಗ ಬಲೆ ಹೊತ್ತು. ತಂಗೂಸಿ (ನೈಲಾನ್ ಎಳಿ) ಬಲೆನ ಸಂಜಿ 5 ಕ್ಕ ಬಿಟ್ಟು ಮುಂಜಾನಿ 8 ಕ್ಕ ಎತ್ತೂದು ಹಳೇ ಪದ್ಧತಿ. ನೀರುನಾಯಿ ಇರೋ ಕಡೆ ಇದರಷ್ಟು ನಷ್ಟದ ಪದ್ಧತಿ ಇಲ್ಲ. ಅವು ಚುರುಕಿರೋ ಎರಡೂ ಹೊತ್ತಿನಾಗ ಸಿಕ್ಕ ಮೀನು ಬಲೆಯೊಳಗ ಒದ್ದಾಡ್ತಿರ್ತದ. ಕತ್ತಲಾಗಿ ಒಂದೂವರಿ ತಾಸಿನ ಮ್ಯಾಲೆ ಬಿಟ್ಟು, ಬೆಳಕು ಹರಿಯೂದಕ್ಕ ಒಂದು ತಾಸು ಮೊದಲ ಎತ್ರಿ. ಆದ್ರ ಮೊಸಳಿ ಇರೋ ಮಡುವಿನಾಗ ಕತ್ತಲದಾಗ ನೀರಿಗಿಳದು ಬಲೆ ಕಟ್ಟಬ್ಯಾಡ್ರಿ. ಎರಡೂ ತುದಿ ಹಗ್ಗ ಹಗಲ ಇದ್ದಾಗ ಗೂಟಕ್ಕ ಕಟ್ಟಿ, ರಾತ್ರಿ ಹರಗೋಲಿನಿಂದ ಬಲೆ ಬಿಡಬೇಕು, ಇಬ್ಬರು ಇರಬೇಕು, ಕೈ ಹೊರಗ ಇಳಿಬಿಡಬಾರದು.

ಬಲೆ ಉದ್ದ ಕಡಿಮಿ ಮಾಡ್ರಿ. 200 ಮೀಟರ್ ಒಂದ ಬಲೆ ಬದಲಿ 50 ಮೀಟರಿನವು ನಾಕು, ನಡುವ ಜಾಗ ಬಿಟ್ಟು. ಒಂದು ಕೆಟ್ರೂ ಮೂರು ಉಳೀತಾವ. ಹಿಕ್ಕೆ ಬಂಡಿ, ಬಿಲ ಇರೋ ಕಡೆಯಿಂದ ದೂರ ಹಾಕ್ರಿ. ಹರಿದ ತುಂಡು ಹೊಳ್ಯಾಗ ಒಗಿಬ್ಯಾಡ್ರಿ. ತಂಗೂಸಿ ಕೊಳಿಯೂದಿಲ್ಲ, ಯಾರೂ ಎತ್ತದ ಬಲೆ ವರ್ಷಗಟ್ಟಲೆ ಮೀನು, ಆಮಿ, ನೀರುನಾಯಿ ಮರಿ ಕೊಲ್ತನ ಇರ್ತದ. ನೀರುನಾಯಿ ಉಸುರಿಗೆ ಮ್ಯಾಲೆ ಬರಲೇಬೇಕು, ಸಿಕ್ಕೊಂಡ್ರ ಕೆಲವ ನಿಮಿಷದಾಗ ಸಾಯ್ತದ.

ಬುಟ್ಟಿ ಬೋನು, ಕೊಳವಿ ಬೋನು ಇಡೋರು ಬಾಯಿಗೆ ಚೌಕ ತಂತಿ ಕಟ್ರಿ. ಬ್ರಿಟನ್‌ದಾಗ ಬಾಯಿ ಚೌಕ 85 ಮಿ.ಮೀ. ಗಿಂತ ದೊಡ್ಡದಿರಬಾರದು ಅಂತ ನಿಯಮ ಐತಿ, ನೀರುನಾಯಿ ಒಳಗ ಹೋಗಿ ಸಾಯಬಾರದು ಅಂತ.

ದಂಡಿನಗರ

ಇಷ್ಟೆಲ್ಲಾ ತ್ರಾಸು ಯಾಕ್ರಿ? ಮೊಸಳಿ ಹಿಡದು ಆಣೆಕಟ್ಟಿನ ಹಿನ್ನೀರಿಗೆ ಇಲ್ಲಾ ದಾಂಡೇಲಿ ಕಾಳಿ ನದಿಗೆ ಬಿಟ್ರ ಮುಗೀತಲ್ಲ.

ಕಡಲಕಡೆ_ಹುಬ್ಬಳ್ಳಿ

ಮುಗಿಯುವುದಿಲ್ಲ ಸರ್. ಇದನ್ನು ಆಸ್ಟ್ರೇಲಿಯಾದಲ್ಲಿ ಅಳತೆ ಮಾಡಿ ನೋಡಿದ್ದಾರೆ. ಕೇಪ್ ಯಾರ್ಕ್ ಪರ್ಯಾಯದ್ವೀಪದಲ್ಲಿ ಮೂರು ಉಪ್ಪುನೀರಿನ ಮೊಸಳೆಗಳಿಗೆ ಉಪಗ್ರಹ ಟ್ಯಾಗ್ ಕಟ್ಟಿ ಹೆಲಿಕಾಪ್ಟರಿನಲ್ಲಿ ದೂರ ಒಯ್ದು ಬಿಟ್ಟರು. ಮೂರೂ ತಮ್ಮ ಜಾಗಕ್ಕೆ ವಾಪಸು ಬಂದವು. ಒಂದನ್ನು ಪರ್ಯಾಯದ್ವೀಪದ ಆಚೆ ಬದಿಯ ಕರಾವಳಿಗೆ ಒಯ್ದಿದ್ದರು. ಅದು ತುದಿ ಸುತ್ತಿಕೊಂಡು 400 ಕಿ.ಮೀ. ಗೂ ಹೆಚ್ಚು ಈಜಿ 20 ದಿನದಲ್ಲಿ ಮನೆ ಸೇರಿತು. ಮಗ್ಗರ್ ಅಷ್ಟು ದೂರ ಈಜುವ ಜಾತಿ ಅಲ್ಲ, ಆದರೆ ನೀರು, ಮೀನು, ಬಿಸಿಲು ಕಾಯಿಸುವ ಬಂಡೆ ಇರುವ ಖಾಲಿ ಮಡು ಖಾಲಿಯಾಗಿ ಉಳಿಯುವುದಿಲ್ಲ. ಒಂದು ದೊಡ್ಡದನ್ನು ತೆಗೆದರೆ ಎರಡು ಸಣ್ಣವು ಬರುತ್ತವೆ. ಬಿಟ್ಟ ಊರಿನವರಿಗೆ ಮಾತ್ರ ಪರಿಚಯವಿಲ್ಲದ ಮೊಸಳೆ ಗಂಟುಬೀಳುತ್ತದೆ. ದಾಂಡೇಲಿಯವರಿಗೆ ಅವರ ಮೊಸಳೆಗಳೇ ಸಾಕಷ್ಟಿವೆ.

ಕಾಯ್ದೆಯೂ ಇದೆ. ಮಗ್ಗರ್ ಮೊಸಳೆ 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿದೆ. ಕೊಂದರೆ 3 ರಿಂದ 7 ವರ್ಷ ಜೈಲು. ಮುಖ್ಯ ವನ್ಯಜೀವಿ ಪಾಲಕರ ಅನುಮತಿ ಇಲ್ಲದೆ ಹಿಡಿಯುವುದೂ ಅಪರಾಧ.

ಹೆಚ್ಚಾದ ಮೊಸಳೆಯ ಜೊತೆ ಬದುಕುವುದಕ್ಕೆ ನೋಡಬೇಕಾದ ಜಾಗ ಎರಡು. ಆಸ್ಟ್ರೇಲಿಯಾದ ನಾರ್ದರ್ನ್ ಟೆರಿಟರಿಯಲ್ಲಿ ಚರ್ಮದ ವ್ಯಾಪಾರದಿಂದ ಉಪ್ಪುನೀರಿನ ಮೊಸಳೆ 3,000 ದಷ್ಟಕ್ಕೆ ಇಳಿದಿತ್ತು. 1971 ರಲ್ಲಿ ರಕ್ಷಣೆ ಸಿಕ್ಕಿತು, ಇಂದು 1 ಲಕ್ಷದ ಆಸುಪಾಸಿದೆ. ಅಲ್ಲಿ ಮಕ್ಕಳಿಗೆ ಶಾಲೆಯಲ್ಲೇ ಹೇಳಿಕೊಡುವ ಅಳತೆ ಇದು: ಗಾಳ ಹಾಕುವಾಗ ನೀರಿನಂಚಿನಿಂದ 5 ಮೀಟರ್ ಹಿಂದೆ, ರಾತ್ರಿ ಬಿಡಾರ ನೀರಿನಿಂದ 50 ಮೀಟರ್ ದೂರ, ಮೀನಿನ ಕರುಳು ನೀರಿನಂಚಿನಲ್ಲಿ ಬಿಸಾಡುವಂತಿಲ್ಲ, ಒಂದೇ ಜಾಗದಲ್ಲಿ ಒಂದೇ ಹೊತ್ತಿಗೆ ಒಂದೇ ಕೆಲಸ ಮಾಡುವಂತಿಲ್ಲ. ಇನ್ನೊಂದು ನಮ್ಮದೇ ಒಡಿಶಾದ ಭಿತರ್‌ಕನಿಕಾ. 1975 ರಲ್ಲಿ ದೇಶದಲ್ಲಿ ಮೊಸಳೆ ಯೋಜನೆ ಶುರುವಾದ ಕಾಲಕ್ಕೆ ಅಲ್ಲಿ ಬೆಳೆದ ಮೊಸಳೆ ನೂರರೊಳಗಿದ್ದವು, ಈಗ ಮರಿ ಸೇರಿ 1,700 ದಾಟಿವೆ. ಅಲ್ಲಿ ನದಿ ದಂಡೆಯ ಹಳ್ಳಿಗಳ ಸ್ನಾನಘಟ್ಟಗಳಿಗೆ ನೀರಿನೊಳಗೇ ಬೇಲಿ ಕಟ್ಟಿಸಿದ್ದಾರೆ. ಹಾವೇರಿ, ಗದಗಕ್ಕೆ ಬೇಕಾದದ್ದು ಅದು.

ದಂಡಿನಗರ

ಒಪ್ಪಿದೆ. ಆದ್ರ ಊರ ಬಾವ್ಯಾಗ, ಇಲ್ಲಾ ಕೃಷಿ ಹೊಂಡದಾಗ ಬಿದ್ರ?

ಪ್ರಾಣಿಶಾಸ್ತ್ರ_ಧಾರವಾಡ

ಆಗ ಹಿಡಿಯಲೇಬೇಕು, ಆದರೆ ಅರಣ್ಯ ಇಲಾಖೆಯವರು. ಸಹಾಯವಾಣಿ 1926. ಅವರು ಬರುವವರೆಗೆ ಮಾಡುವ ಕೆಲಸ ಜನರನ್ನು ದೂರ ಇಡುವುದು, ಅಷ್ಟೆ. ಸುತ್ತ 20 ಮೀಟರ್ ಹಗ್ಗ ಕಟ್ಟಿ, ನಾಯಿಗಳನ್ನು ಕಟ್ಟಿಹಾಕಿ. ಹೊಲದಲ್ಲಿದ್ದರೆ ಅದಕ್ಕೂ ನೀರಿಗೂ ನಡುವೆ ಯಾರೂ ನಿಲ್ಲಬೇಡಿ, ಅದು ಓಡುವುದು ನೀರಿನ ಕಡೆಗೇ. ಕಲ್ಲು ಹೊಡೆದು, ಹಗ್ಗ ಹಾಕಿ ಎಳೆದಾಡಿದ ಮೊಸಳೆ ಮೇಲೆ ಸುಮ್ಮನಿದ್ದಂತೆ ಕಂಡರೂ ಆಯಾಸದಿಂದ ರಕ್ತದಲ್ಲಿ ಆಮ್ಲ ಏರಿ ತಾಸುಗಳ ನಂತರ ಸಾಯಬಹುದು. ಪ್ಲಾಸ್ಟಿಕ್ ಹಾಸಿದ ಹೊಂಡದಿಂದ ಯಾವ ಪ್ರಾಣಿಯೂ ಹತ್ತಿ ಬರಲಾಗುವುದಿಲ್ಲ. ಒಂದು ಮೂಲೆಯಲ್ಲಿ ಹಳೆ ಟೈರುಗಳನ್ನು ಹಗ್ಗಕ್ಕೆ ಪೋಣಿಸಿ ಮೇಲಿಂದ ತಳದವರೆಗೆ ಇಳಿಬಿಟ್ಟಿರಿ. ಜಾರಿ ಬಿದ್ದ ಮಕ್ಕಳಿಗೂ ಅದೇ ಏಣಿ.

ವೆಲ್ಡಿಂಗ್_ರಾಣೇಬೆನ್ನೂರ

ಘಾಟಿನ ಬೇಲಿ ಅಳತಿ ಬರೀತೀನಿ. ಶ್ರೀಲಂಕಾದಾಗ ಇದನ್ನ ಹಿಂದಿನಿಂದಲೂ ಕಟ್ಟಿಗಿ ಗೂಟದಾಗ ಕಟ್ತಾರ, ‘ಕಿಂಬುಲ ಕೊಟುವ’ ಅಂತಾರ, ಮೊಸಳಿ ಕೋಟೆ ಅಂತ ಅರ್ಥ.

ಐದಾರು ಮಂದಿ ಕೂಡಿ ಬಟ್ಟಿ ಒಗಿಯೂ ಘಾಟಿಗೆ ದಂಡಿ ಗುಂಟ 5 ಮೀಟರ್, ನೀರಿನ ಕಡೆ 3 ಮೀಟರ್ ಸಾಕು. ಹೊರಗಿನ ಅಂಚಿನಾಗ ನೀರು 1 ಮೀಟರಿಗಿಂತ ಆಳ ಇರಬಾರದು. ಕಂಬಕ್ಕ 50 ಮಿ.ಮೀ. ಜಿ.ಐ. ಪೈಪು, ಒಂದೂವರಿ ಮೀಟರಿಗೆ ಒಂದು, ತಳಕ್ಕ 1 ಮೀಟರ್ ಹೂಳಬೇಕು. ಅಡ್ಡ ಪಟ್ಟಿ ಮೂರು. ಉದ್ದ ಸರಳು 25 ಮಿ.ಮೀ. ಪೈಪು, ಸಂದು 10 ಸೆಂ.ಮೀ. ಮೀರಬಾರದು. ನೀರಿನ ಮ್ಯಾಲೆ 1.2 ಮೀಟರ್ ಎತ್ತರ ಬೇಕು, ಮೊಸಳಿ ಹತ್ತತಾವ. ಅಡ್ಡ ಪಟ್ಟಿ ಹೊರಗಿನ ಬದಿಗೆ ಇಟ್ರ ಅವಕ್ಕ ಮೆಟ್ಟಲಾ ಮಾಡಿಕೊಟ್ಟಂಗ ಆಗ್ತದ, ಅದಕ್ಕ ಒಳಗಿನ ಬದಿಗೆ ಬೆಸಿಬೇಕು.

ಹೆಚ್ಚು ಕೆಡೂದು ಮೂರು ಕಡೆ. ಒಂದು, ತಳ. ಹರಿಯೂ ನೀರು ಕಂಬದ ಬುಡದಾಗ ಉಸುಕು ಕೊರೀತದ, ಬೇಲಿ ಕೆಳಗ ತೂತು ಬೀಳ್ತದ. ಹೊರಗ ಒಳಗ ಎರಡೂ ಕಡೆ ಉಸುಕಿನ ಚೀಲ, ದಪ್ಪ ಕಲ್ಲು ಜೋಡಿಸಿ, ವಾರಕ್ಕೊಮ್ಮೆ ದಂಡಿ ಮ್ಯಾಲಿಂದ ಉದ್ದನ ಬಿದಿರು ಇಳಿಸಿ ತಳ ತಡವಿ ನೋಡಬೇಕು. ಎರಡು, ರೆಕ್ಕಿ. ಬ್ಯಾರೇಜಿನಿಂದ ನೀರು ಬಿಟ್ಟಾಗ ಮಟ್ಟ ಏರಿ ಬೇಲಿ ಪಕ್ಕದಿಂದ ಮೊಸಳಿ ಒಳಗ ಬರ್ತದ. ಎರಡೂ ಬದಿ ಬೇಲಿನ ದಂಡಿ ಮ್ಯಾಲೆ ಕನಿಷ್ಠ 2 ಮೀಟರ್ ಒಯ್ಯಬೇಕು, ಇಳಿಜಾರು ಕಡಿಮಿ ಇದ್ರ ಇನ್ನೂ ಹೆಚ್ಚು. ಮೂರು, ಮಹಾಪೂರ. ಬೆಸದ ಬೇಲಿ ಜುಲೈದಾಗ ಕಸ, ಗಿಡ ತಡದು ಕಂಬ ಸಮೇತ ಕಿತ್ತು ಹೋಗ್ತದ. ಸರಳಿನ ಚೌಕಟ್ಟು ಬ್ಯಾರೆ ಮಾಡಿ ಕಂಬಕ್ಕ ಯು-ಬೋಲ್ಟ್ ಹಾಕಿ ಕಟ್ರಿ. ಜೂನ್ ಮೊದಲ ವಾರ ಬಿಚ್ಚಿ ಒಳಗಿಡ್ರಿ, ಹೊಳಿ ಇಳದ ಮ್ಯಾಲೆ ನವೆಂಬರ್ ಹೊತ್ತಿಗೆ ಹಾಕ್ರಿ. ಬೋಲ್ಟಿಗೆ ಗ್ರೀಸ್ ಹಚ್ಚದಿದ್ರ ಮುಂದಿನ ವರ್ಷ ಕತ್ತರಿಸಬೇಕಾಗ್ತದ.

ಪ್ರಾಣಿಶಾಸ್ತ್ರ_ಧಾರವಾಡ

ಚೆನ್ನಾಗಿ ಬರೆದಿದ್ದೀರಿ. ಎರಡು ಮಾತು ಸೇರಿಸುತ್ತೇನೆ. ಸರಳಿನ ಬದಲು ಅಗ್ಗ ಎಂದು ನೈಲಾನ್ ಬಲೆ ಕಟ್ಟಬೇಡಿ, ಮೊಸಳೆ ಹರಿಯುತ್ತದೆ, ಆಮೆ ಸಿಕ್ಕಿ ಸಾಯುತ್ತದೆ. ಮತ್ತೆ, ರಾತ್ರಿ ನೀರು ಏರಿ ಇಳಿದಿದ್ದರೆ ಮೊಸಳೆ ಬೇಲಿಯ ಒಳಗೇ ಉಳಿದಿರಬಹುದು. ಬೇಲಿ ಇದೆ ಎಂಬ ಧೈರ್ಯದಿಂದ ಇಳಿಯುವವರಿಗೆ ಅದಕ್ಕಿಂತ ಕೆಟ್ಟ ಸ್ಥಿತಿ ಇಲ್ಲ. ದಿನಾ ಮೊದಲು ಬಂದವರು ದಂಡೆಯ ಮೇಲೆ ನಿಂತು ಉದ್ದನೆಯ ಬಿದಿರಿನಿಂದ ಒಳಗೆಲ್ಲ ತಡಕಿದ ಮೇಲೆಯೇ ಇಳಿಯಬೇಕು. ಆ ಬಿದಿರು ಘಾಟಿನಲ್ಲೇ ಇರಲಿ.

ಹೊಳಿದಂಡಿ (ಹಾವೇರಿ ಜಿಲ್ಲೆ)

ಬೇಲಿಗೆ ರೊಕ್ಕ ಮಂಜೂರಾಗೂತನ ಏನ್ ಮಾಡೂದ್ರಿ? ದನಾ ಅಂತೂ ದಿನಾ ಹೊಳಿಗೆ ಹೋಗ್ತಾವ.

ಪಂಪ್‌ಸೆಟ್_ಮುಂಡರಗಿ

ನೀರನ್ನ ದಂಡಿ ಮ್ಯಾಲೆ ತರ್ರಿ. ಬೇಲಿಗಿಂತ ಅದ ಮೊದಲು ಆಗಬೇಕಾದ ಕೆಲಸ. ಒಂದು ದೊಡ್ಡ ದನಕ್ಕ ದಿನಕ್ಕ 40–60 ಲೀಟರ್ ನೀರು ಬೇಕು. 50 ದನ ಇರೋ ಓಣಿಗೆ 2,500 ಲೀಟರಿನ ಲೆಕ್ಕ ಹಿಡೀರಿ. ಹೊಳಿಯಿಂದ 30 ಮೀಟರ್ ಹಿಂದ, ಎತ್ತರದಾಗ ತೊಟ್ಟಿ, ಅದರ ಮಗ್ಗಲದಾಗ ಬಟ್ಟಿ ಒಗಿಯೂ ಕಲ್ಲು, ಎರಡು ನಳ. 1 ಎಚ್.ಪಿ. ಮೋಟರು ಸಾಕು.

ಇನ್ನ ರೈತರಿಗೆ ದೊಡ್ಡ ಅಪಾಯ ಫುಟ್‌ವಾಲ್ವ್, ಅಂದ್ರ ಪೈಪಿನ ನೀರಾಗಿನ ತುದಿಗೆ ಇರೋ ಕವಾಟ. ಬ್ಯಾಸಗ್ಯಾಗ ನೀರು ಹಿಂದ ಸರದಂಗೆಲ್ಲಾ ಪೈಪು ಮುಂದ ಒಯ್ಯಾಕ, ಜೊಂಡು ಬಿಡಿಸಾಕ ಸೊಂಟದ ಮಟ ನೀರಿಗಿಳೀತಾರ, ಅದೂ ಕರೆಂಟ್ ಬಂದಾಗ, ಮಧ್ಯರಾತ್ರಿ ಇದ್ರೂ. ಇಳಿಯೂದ ತಪ್ಪಿಸಬಹುದು. 200 ಲೀಟರಿನ ಪ್ಲಾಸ್ಟಿಕ್ ಡ್ರಮ್ಮು, ಬಾಯಿ ಬಿಗಿಯಾಗಿ ಮುಚ್ಚಿ ತೇಲಬಿಡ್ರಿ. ಫುಟ್‌ವಾಲ್ವ್ ಅದರ ಕೆಳಗ 60 ಸೆಂ.ಮೀ. ಆಳಕ್ಕ ನೆಟ್ಟಗ ಇಳಿಬಿದ್ದಿರಬೇಕು. ಓರೆ ಆದ್ರ ಒಳಗಿನ ಮುಚ್ಚಳ ಕೂಡೂದಿಲ್ಲ, ನೀರು ಇಳದು ಮೋಟರ್ ಗಾಳಿ ಹಿಡೀತದ. ಅದಕ್ಕ ಡ್ರಮ್ಮಿನ ಹತ್ರ ಒಂದು ಎಲ್ಬೋ ಹಾಕ್ರಿ. ಡ್ರಮ್ಮಿನಿಂದ ದಂಡಿಗೆ ಸುರುಳಿ ತಂತಿ ಇರೋ ಸಕ್ಷನ್ ಹೋಸೇ ಬೇಕು. ಸಾದಾ ಡೆಲಿವರಿ ಪೈಪು ಹಾಕಿದ್ರ ಎಳತಕ್ಕ ಚಪ್ಪಟಿ ಆಗ್ತದ. ಪ್ರತಿ ಜೋಡಿಗೆ ಎರಡೆರಡು ಕ್ಲಾಂಪ್. 12 ಮಿ.ಮೀ. ನೈಲಾನ್ ಹಗ್ಗ ಎರಡು: ಒಂದು ಹರಿವಿನ ಮ್ಯಾಲಿನ ಕಡೆ ಗೂಟಕ್ಕ, ಒಂದು ನಿಮ್ಮ ಕೈಗೆ. ಜೊಂಡು ಸಿಕ್ರ ಹಗ್ಗ ಎಳದು ಡ್ರಮ್ಮು ದಂಡಿಗೆ ತಂದು ಬಿಡಿಸಿ ಮತ್ತ ಬಿಡ್ರಿ. ಮೋಟರು ನೀರಿನ ಮಟ್ಟಕ್ಕಿಂತ 6 ಮೀಟರಿನ ಮ್ಯಾಲೆ ಇಟ್ರ ನೀರು ಎಳಿಯೂದಿಲ್ಲ, ಅದನ್ನ ಮೊದಲ ಅಳೀರಿ.

ಕಡಲಕಡೆ_ಹುಬ್ಬಳ್ಳಿ

ಬೋರ್ಡಿನ ಬಗ್ಗೆ ಮೊದಲನೇ ಪೋಸ್ಟಿನಲ್ಲಿ ಹೇಳಿದ್ದು ಸರಿ. ದಕ್ಷಿಣ ಆಫ್ರಿಕಾದ ಕೇಪ್ ಟೌನ್‌ನಲ್ಲಿ 2004 ರಿಂದ ಗುಡ್ಡದ ಮೇಲೆ ಕೂತು ಶಾರ್ಕ್ ನೋಡುವ ಕಾವಲುಗಾರರಿದ್ದಾರೆ. ಕೆಳಗೆ ಬೀಚಿನಲ್ಲಿ ನಾಲ್ಕು ಬಾವುಟ. ಹಸಿರು ಎಂದರೆ ನೀರು ತಿಳಿಯಾಗಿದೆ, ಶಾರ್ಕ್ ಕಂಡಿಲ್ಲ. ಕಪ್ಪು ಎಂದರೆ ನೀರು ಕದಡಿದೆ, ಇದೆಯೋ ಇಲ್ಲವೋ ಹೇಳಲಾಗದು. ಕೆಂಪು ಎಂದರೆ ಸ್ವಲ್ಪ ಹೊತ್ತಿನ ಹಿಂದೆ ಕಂಡಿದೆ. ಶಾರ್ಕ್ ಚಿತ್ರದ ಬಿಳಿ ಬಾವುಟದ ಜೊತೆ ಸೈರನ್ ಕೂಗಿದರೆ ಕೂಡಲೇ ನೀರಿನಿಂದ ಹೊರಗೆ.

ಇದರಲ್ಲಿ ನನಗೆ ಬಹಳ ಬೆಲೆಯುಳ್ಳದ್ದಾಗಿ ಕಾಣುವುದು ಕಪ್ಪು ಬಾವುಟ. ‘ಕಾಣುತ್ತಿಲ್ಲ’ ಎಂಬುದನ್ನು ‘ಇಲ್ಲ’ ಎಂದು ಓದಿಕೊಳ್ಳದ ಹಾಗೆ ಅದು ತಡೆಯುತ್ತದೆ. ತುಂಗಭದ್ರೆಯಲ್ಲಿ ಮುಂಗಾರು ಶುರುವಾಗಿ ಕೆನ್ನೀರು ತಿಳಿಯಾಗುವವರೆಗೆ ಘಾಟಿಗೆ ಕಪ್ಪು ಬಾವುಟ ಏರಿರಲಿ. ಮೊಸಳೆ ಕಂಡ ದಿನದಿಂದ ಒಂದು ವಾರ ಕೆಂಪು. ಹಸಿರು ನಮಗೆ ಬೇಡವೇ ಬೇಡ, ಮೊಸಳೆ ಶಾರ್ಕ್‌ಗಿಂತ ಚೆನ್ನಾಗಿ ಅಡಗುತ್ತದೆ. ಹಸಿರು ಕಂಡ ಮಕ್ಕಳು ಹಾರಿಬಿಡುತ್ತಾರೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕರಾವಳಿ ಕೇಪ್ ಕಾಡ್ ಕಥೆ ಇನ್ನೊಂದು ಪಾಠ. ಅಲ್ಲಿ ಸೀಲ್ ಕೊಂದವರಿಗೆ 1962 ರವರೆಗೆ ಸರ್ಕಾರವೇ ಬಹುಮಾನ ಕೊಡುತ್ತಿತ್ತು. ಅಮೆರಿಕದ 1972 ರ ಕಡಲ ಸಸ್ತನಿ ರಕ್ಷಣಾ ಕಾಯ್ದೆಯಿಂದ ಸೀಲ್ ಮರಳಿದವು, ಸೀಲ್ ಹಿಂದೆ ಬಿಳಿ ಶಾರ್ಕ್ ಬಂದವು. ಆಹಾರ ಎಲ್ಲಿದೆಯೋ ಅಲ್ಲಿಗೇ ಬೇಟೆಗಾರ. 2018 ರಲ್ಲಿ ಶಾರ್ಕ್ ಕಡಿತದಿಂದ ಒಬ್ಬರು ತೀರಿಕೊಂಡರು, ಆ ರಾಜ್ಯದಲ್ಲಿ 1936 ರ ನಂತರ ಮೊದಲ ಸಾವು. ಆಮೇಲೆ ಬೀಚುಗಳಲ್ಲಿ ರಕ್ತ ನಿಲ್ಲಿಸುವ ಪೆಟ್ಟಿಗೆ ಇಟ್ಟರು, ಸೀಲ್ ಇರುವ ಕಡೆ ಈಜಬಾರದು ಎಂದು ಕಲಿಸಿದರು.

ಕೃಷಿಹೊಂಡ_ಗದಗ

ಹೊಂಡದಾಗ ಮೀನು ಬಿಟ್ಟವ್ರಿಗೆ. ನೀರುನಾಯಿ ಹಳ್ಳ, ಕಾಲುವಿ ಗುಂಟ ಬರ್ತಾವ, ಹಳ್ಳದಿಂದ ದೂರ ಇರೋ ಹೊಂಡಕ್ಕ ಭಯ ಕಡಿಮಿ. ಬಂದ್ರ ಮಾತ್ರ ನಷ್ಟ ದೊಡ್ಡದು. 21×21 ಮೀಟರಿನ ಹೊಂಡದಾಗ 400 ಮೀನು, ಸರಾಸರಿ 700 ಗ್ರಾಂ ಅಂದ್ರ 280 ಕಿಲೋ. ಆರು ನೀರುನಾಯಿ ದಿನಾ ಬಂದ್ರ ಒಂದೂವರಿ ತಿಂಗಳದಾಗ ಹೊಂಡ ಖಾಲಿ.

ಇದ ಜಾತಿ ನೀರುನಾಯಿ ಸಿಂಗಪುರದಾಗ 1970 ರ ದಶಕದಾಗ ಇಲ್ಲದಂಗಾಗಿ, 1998 ರಾಗ ಮರಳಿ ಬಂದು ಊರ ತುಂಬ ಹಬ್ಬಿದಾವ. ಶ್ರೀಮಂತರ ಮನಿ ಕೊಳದಾಗಿನ ಅಲಂಕಾರದ ಮೀನು ತಿಂದ್ರೂ ಅಲ್ಲಿ ಸರ್ಕಾರ ಹೇಳೂದು ಬೇಲಿ ಹಾಕ್ರಿ, ಸಂದು ಮುಚ್ಚರಿ ಅಂತ.

ಬೇಲಿ ಲೆಕ್ಕ: ಸುತ್ತ 2 ಮೀಟರ್ ಒಡ್ಡು ಬಿಟ್ರ 25×25, ಅಂದ್ರ 100 ಮೀಟರ್. 2.5 ಮೀಟರಿಗೊಂದು ಕಂಬ, 40. ಮೂಲಿಗೆ ಎರಡೆರಡು ಊರುಗೋಲು, 8. ಜಾಳಗಿ 2 ಇಂಚಿನ ಕಣ್ಣು, 12 ಗೇಜು, 6 ಅಡಿ ಅಗಲ, 50 ಅಡಿ ಸುರುಳಿ 7. ಆರೂ ಅಡಿ ನೆಟ್ಟಗ ನಿಲ್ಲಿಸಬ್ಯಾಡ್ರಿ. ನೆಲದ ಮ್ಯಾಲೆ 1.3 ಮೀಟರ್ ನಿಲ್ಲಿಸಿ, ಉಳಿದ ಅರ್ಧ ಮೀಟರ್ ಹೊರಗಿನ ಕಡೆ ನೆಲಕ್ಕ ಮಡಚಿ ಹಾಸಿ ಮುಚ್ರಿ. ನೀರುನಾಯಿ ಬೇಲಿ ಬುಡಕ್ಕ ಬಂದು ಅಲ್ಲೇ ಕೆದರ್ತದ, ಕಾಲಿಗೆ ಜಾಳಗಿ ಸಿಗ್ತದ, ಬಿಡ್ತದ. ಒಳಗಿನ ಕಡೆ ಮಡಚಿದ್ರ ಉಪಯೋಗಿಲ್ಲ. ಗೇಟಿನ ಕೆಳಗ ಸಿಮೆಂಟ್ ಹೊಸ್ತಿಲ ಹಾಕಿ ಸಂದು 5 ಸೆಂ.ಮೀ. ಒಳಗ ಇಡ್ರಿ. ನೀರು ಬರೋ ಪೈಪಿಗೆ, ಕೋಡಿಗೆ ಜಾಲರಿ. ಎಲ್ಲಾ ಮಾಡಿ ಕೋಡಿ ಮರತವ್ರು ಬಾಳ ಮಂದಿ ಅದಾರ.

ಕೋಳಿ ಜಾಳಗಿ ಹಾಕಬ್ಯಾಡ್ರಿ, ಒಂದ ಮಳಿಗಾಲಕ್ಕ ಬುಡ ತುಕ್ಕ ಹಿಡೀತದ.

ನಮ್ಮ ಎರಿ ಭೂಮಿದ ತೊಂದ್ರಿ ಬ್ಯಾರೆ. ಏಪ್ರಿಲ್‌ದಾಗ ಕೈ ಹೋಗುವಷ್ಟು ಬಿರುಕು ಬಿಟ್ಟು ಹಾಸಿದ ಜಾಳಗಿ ಮ್ಯಾಲೆ ಏಳ್ತದ, ಕಂಬ ವಾಲ್ತಾವ. ಕಂಬದ ಗುಂಡಿಗೆ, ಜಾಳಗಿ ಮ್ಯಾಲೆ ಎರಿ ಮಣ್ಣು ತುಂಬಬ್ಯಾಡ್ರಿ, ಗರಸು ತಂದು ತುಂಬಿ ಬಡೀರಿ. ಝಟಕಾ ಮಷಿನ್ (ಬೇಲಿ ತಂತಿಗೆ ಬಿಟ್ಟು ಬಿಟ್ಟು ಶಾಕ್ ಕೊಡೋದು) ಕೂಡಿಸೋದಾದ್ರ ಜಾಳಗಿಯಿಂದ 15 ಸೆಂ.ಮೀ. ಹೊರಗ, ನೆಲದಿಂದ 15 ಮತ್ತ 30 ಸೆಂ.ಮೀ. ಎತ್ತರಕ್ಕ ಎರಡು ತಂತಿ. ಒಣ ಎರಿಯೊಳಗ ಅರ್ಥಿಂಗ್ ಸಿಗೂದಿಲ್ಲ, ಮಷಿನ್ ಟಿಕ್ ಟಿಕ್ ಅಂದ್ರೂ ಪ್ರಾಣಿಗೆ ಏನೂ ತಾಕೂದಿಲ್ಲ. ಒಂದೂವರಿ ಮೀಟರಿನ ಸರಳು ಮೂರು, 3 ಮೀಟರಿಗೊಂದರಂಗ ಹೊಂಡದ ಹಸಿ ಬದಿಗೆ ಬಡೀರಿ. ಟೆಸ್ಟರ್ ಹಿಡದ್ರ 4 ಕಿಲೋವೋಲ್ಟ್ ಬರಬೇಕು. ಹುಲ್ಲು ತಂತಿಗೆ ತಾಕಿದ್ರೂ ಇಳೀತದ. ಮನಿ ಕರೆಂಟ್ ನೇರ ತಂತಿಗೆ ಕೊಡೂದು ಕೊಲಿ ಮಾಡಿದಂಗ, ಮನುಷ್ಯಾರ ಸಾಯ್ತಾರ.

ಬಲೆಗಾರ

ಪಟಾಕಿ, ರೇಡಿಯೋ ಹಚ್ಚಿಡೂದು, ಮಿಣಮಿಣ ಲೈಟು? ಬಾಳ ಮಂದಿ ಕೇಳ್ತಾರ.

ಕಡಲಕಡೆ_ಹುಬ್ಬಳ್ಳಿ

ಕೆಲವು ದಿನ ಕೆಲಸ ಮಾಡುತ್ತದೆ, ಆಮೇಲೆ ಉಲ್ಟಾ. ಮೀನು ಸಾಕುವ ಪಂಜರಗಳಿಂದ ಸೀಲ್ ಓಡಿಸಲು ಸಮುದ್ರದಲ್ಲಿ ಶಬ್ದ ಯಂತ್ರ ಇಟ್ಟರು. ಸೀಲ್‌ಗಳಿಗೆ ಆ ಶಬ್ದವೇ ಊಟದ ಗಂಟೆಯಾಯಿತು: ಶಬ್ದ ಇದ್ದಲ್ಲಿ ಮೀನಿದೆ. ನೀರುನಾಯಿ ಸೀಲ್‌ಗಿಂತ ದಡ್ಡ ಪ್ರಾಣಿ ಅಲ್ಲ.

ಕೊನೆಗೆ ಗೆದ್ದದ್ದು ಸಲಕರಣೆ ಬದಲಿಸಿದವರು. ಬಾಲ್ಟಿಕ್ ಸಮುದ್ರದಲ್ಲಿ ಸೀಲ್ ಹೆಚ್ಚಾದಾಗ ಸಾಲ್ಮನ್ ಹಿಡಿಯುವವರು ಬಲೆ ಬಿಟ್ಟು, ಗಟ್ಟಿ ಬಳೆಗಳ ಮೇಲೆ ಎರಡು ಪದರ ಬಲೆ ಬಿಗಿದ ತೇಲುವ ಬೋನಿಗೆ ಹೋದರು. ಸೀಲ್ ಹೊರಪದರ ಒತ್ತಿದರೂ ಒಳಗಿನ ಮೀನು ಬಾಯಿಗೆ ಸಿಗುವುದಿಲ್ಲ. ಅಲಾಸ್ಕಾದಲ್ಲಿ ಸಾಲುಗಾಳದ ಮೀನನ್ನು ಸ್ಪರ್ಮ್ ತಿಮಿಂಗಿಲಗಳು ಕಿತ್ತು ತಿನ್ನುತ್ತಿದ್ದವು. 2017 ರಿಂದ ಗಾಳದ ಬದಲು ಬೋನಿಗೆ ಅನುಮತಿ ಕೊಟ್ಟರು, ಮೀನುಗಾರರು ಬದಲಾದರು. ಹಿನ್ನೀರಿನಲ್ಲಿ ಪಂಜರ ಇಡುವವರು ಇದನ್ನೇ ಮಾಡಿ: ಹೊರಬಲೆ ಬೇರೆ, ಒಳಬಲೆಯಿಂದ 30 ಸೆಂ.ಮೀ. ದೂರ, ಕೆಳಗೆ ಭಾರ ಕಟ್ಟಿ ಬಿಗಿಯಾಗಿ. ಸಡಿಲ ಬಿಟ್ಟರೆ ಎರಡೂ ಅಂಟಿಕೊಂಡು ಒಂದೇ ಬಲೆಯಾಗುತ್ತದೆ.

ದವಾಖಾನಿ_ಹಾವೇರಿ

ಕಡಿತವಾದರೆ. ಮೊಸಳೆ ಹಿಡಿದವರನ್ನು ಬಿಡಿಸಲು ಇನ್ನೊಬ್ಬರು ನೀರಿಗೆ ಹಾರಬಾರದು. ದಂಡೆಯಿಂದ ಅಥವಾ ಹರಗೋಲಿನಿಂದ ಬಿದಿರು, ಹುಟ್ಟು ಹಾಕಿ ಕಣ್ಣಿಗೆ ತಿವಿಯಿರಿ. ಹೊರಗೆ ಬಂದ ಮೇಲೆ ಮೊದಲ ಕೆಲಸ ರಕ್ತ ನಿಲ್ಲಿಸುವುದು. ಸ್ವಚ್ಛ ಬಟ್ಟೆಯನ್ನು ಗಾಯದೊಳಗೇ ತುರುಕಿ ಎರಡೂ ಕೈಯಿಂದ ಒತ್ತಿ ಹಿಡಿಯಿರಿ, ತೆಗೆದು ತೆಗೆದು ನೋಡಬೇಡಿ. ಕೈಕಾಲಿನಿಂದ ರಕ್ತ ಚಿಮ್ಮುತ್ತಿದ್ದರೆ ಗಾಯದ 5–7 ಸೆಂ.ಮೀ. ಮೇಲೆ, ಕೀಲಿನ ಮೇಲಲ್ಲದೆ, 4 ಸೆಂ.ಮೀ. ಅಗಲದ ಪಟ್ಟಿ ಕಟ್ಟಿ ಕೋಲು ಸಿಕ್ಕಿಸಿ ರಕ್ತ ನಿಲ್ಲುವವರೆಗೆ ತಿರುವಿ. ಕಟ್ಟಿದ ಸಮಯ ಹಣೆಯ ಮೇಲೆ ಬರೆಯಿರಿ. ದಾರಿಯಲ್ಲಿ ಸಡಿಲಿಸಬೇಡಿ. ತೆಳು ಹಗ್ಗ, ತಂತಿ ಕಟ್ಟಬೇಡಿ, ನರ ಕತ್ತರಿಸುತ್ತದೆ. ಅರಿಶಿನ, ಸುಣ್ಣ, ಕಾಫಿಪುಡಿ ಏನೂ ಬೇಡ. ಆಂಬ್ಯುಲೆನ್ಸ್‌ಗೆ 108.

ಮೊಸಳೆ ಕಡಿತಕ್ಕೆ ಧನುರ್ವಾತದ ಚುಚ್ಚುಮದ್ದು, ಆಂಟಿಬಯಾಟಿಕ್ ಬೇಕೇ ಬೇಕು. ಗಾಯ ಸಣ್ಣದಿದ್ದರೂ ಹೊಳೆನೀರಿನ ಬ್ಯಾಕ್ಟೀರಿಯಾ ಒಳಗಿರುತ್ತವೆ. ಮೊಸಳೆಯಿಂದ ರೇಬಿಸ್ ಬರುವುದಿಲ್ಲ. ನೀರುನಾಯಿ ಸಸ್ತನಿ, ಅದು ಕಚ್ಚಿದರೆ ನಾಯಿ ಕಚ್ಚಿದಂತೆಯೇ: ಸಾಬೂನು ಹಚ್ಚಿ 15 ನಿಮಿಷ ಹರಿಯುವ ನೀರಿನಲ್ಲಿ ತೊಳೆದು ಅದೇ ದಿನ ರೇಬಿಸ್ ಲಸಿಕೆ ಶುರು. ಚರ್ಮ ಸೀಳಿ ರಕ್ತ ಬಂದಿದ್ದರೆ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯದ ಚುಚ್ಚುಮದ್ದು) ಕೂಡ.

ಹೊಳಿದಂಡಿ (ಹಾವೇರಿ ಜಿಲ್ಲೆ)

ಎಲ್ಲಾರಿಗೂ ಬಾಳ ಉಪಕಾರ ಆತ್ರಿ. ಒಂದ ಕೇಳೂದು ಉಳೀತು. ಕೋಳಿ ಅಂಗಡಿ ಕಸ, ಸತ್ತ ದನ ಹೊಳಿಗೆ ಒಗಿಯೂದು ಎಷ್ಟರ ಮಟ್ಟಿಗೆ ಕಾರಣ?

ಪ್ರಾಣಿಶಾಸ್ತ್ರ_ಧಾರವಾಡ

ಬಹಳ. ನೀವು ಗೋಡೆಗೆ ಹಚ್ಚುವ ಹಾಳೆಯಲ್ಲಿ ಅದನ್ನು ಮೊದಲನೇ ಸಾಲಿಗೆ ತನ್ನಿ. ಸೇತುವೆಯ ಮೇಲಿಂದ ದಿನಾ ಕೋಳಿ ಕಸ ಬೀಳುವ ಜಾಗದಲ್ಲಿ ಮೊಸಳೆ ಮನುಷ್ಯರ ಸದ್ದಿಗೆ ಓಡುವುದನ್ನು ಬಿಟ್ಟು ಸದ್ದಿನ ಕಡೆಗೇ ಬರುತ್ತದೆ. ಆ ಸೇತುವೆ ಪಕ್ಕದಲ್ಲೇ ಘಾಟಿದ್ದರೆ ಯಾವ ಬೇಲಿಯೂ ಸಾಲದು. ಫೋಟೋಕ್ಕಾಗಿ ಕೋಳಿ ಎಸೆಯುವುದೂ ಅಷ್ಟೇ ಕೆಟ್ಟದ್ದು. ಕೋಳಿ ಕಸಕ್ಕೆ 1.5 ಮೀಟರ್ ಆಳದ ಗುಂಡಿ ತೋಡಿ, ಪ್ರತಿ ಪದರಕ್ಕೆ ಸುಣ್ಣ ಎರಚಿ, ಮೇಲೆ ಕನಿಷ್ಠ ಅರ್ಧ ಮೀಟರ್ ಮಣ್ಣು ಮುಚ್ಚಬೇಕು. ಗುಂಡಿ ಹೊಳೆಯಿಂದ, ಕುಡಿಯುವ ನೀರಿನ ಬಾವಿಯಿಂದ ದೂರ, ಪ್ರವಾಹದ ನೀರು ಮುಟ್ಟದ ಎತ್ತರದಲ್ಲಿರಲಿ. ಸತ್ತ ದನಕ್ಕೆ ಇನ್ನೂ ಆಳ, 2 ಮೀಟರ್.

ಬಲೆಗಾರ

ಮೀನು ಹಸನ ಮಾಡೋ ಕಟ್ಟಿನೂ ಸೇರಿಸ್ರಿ. ಬಲೆ ಎತ್ತೂ ಜಾಗ, ಮೀನು ಕೊಯ್ಯೂ ಜಾಗ ಒಂದ ಆಗಬಾರದು. ಕೊಯ್ಯೂ ಕಟ್ಟಿ ದಂಡಿಯಿಂದ 30 ಮೀಟರ್ ಹಿಂದಿರಲಿ, ಕರುಳು ಬಕೇಟಿನಾಗ ಹಾಕಿ ಅದ ಗುಂಡಿಗೆ ಒಯ್ರಿ, ಬಕೇಟ್ ಹೊಳ್ಯಾಗ ತೊಳಿಬ್ಯಾಡ್ರಿ.